ಸಮುದ್ರ ರಿಪೇರಿಗೆ ಹೋದ ಎಂಟೂವರೆ

ನಮ್ಮ ಬೀದಿಯವರು ನನಗೆ ಇಟ್ಟ ಹೆಸರು ಎಂಟೂವರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಒಂದಿದೆ, ಪಾಪ, ಅದು ಮತದಾರರ ಪಟ್ಟಿಯಲ್ಲಿ ಒಂಟಿಯಾಗಿ ಬದುಕುತ್ತಿದೆ. ನನ್ನದು ವಾಚ್ ರಿಪೇರಿ ಅಂಗಡಿ. ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಮನೆಯ ಗೇಟು ದಾಟುತ್ತೇನೆ. ಎಂಟು ಇಪ್ಪತ್ತೊಂಬತ್ತಕ್ಕೂ ಅಲ್ಲ, ಮೂವತ್ತೊಂದಕ್ಕೂ ಅಲ್ಲ. ಗೇಟು ಕಿರ್ ಎಂದರೆ ಪಕ್ಕದ ಮನೆಯ ಟೀಚರಮ್ಮ ಬಸ್ಸಿಗೆ ಹೊರಡುತ್ತಾರೆ, ಎದುರು ಮನೆಯ ಅಜ್ಜ ಬಿ.ಪಿ. ಮಾತ್ರೆ ನುಂಗುತ್ತಾರೆ. ನನಗೆ ಜ್ವರ ಬಂದರೆ ಇಡೀ ಬೀದಿಯ ಆರೋಗ್ಯ ಕೆಡುತ್ತದೆ ಅಂದುಕೊಳ್ಳಿ!

ಗಂಡಹೆಂಡಿರಾದ ನಮ್ಮಿಬ್ಬರ ಬಗ್ಗೆ ಬೀದಿಯವರು ಹೇಳುತ್ತಿದ್ದ ಮಾತು ಇನ್ನೊಂದಿತ್ತು. ‘ಅವನು ಗಂಟೆ ಮುಳ್ಳು, ಅವಳು ನಿಮಿಷದ ಮುಳ್ಳು. ಅವನು ಕೂತಲ್ಲಿಂದ ಒಂದು ಅಂಕಿ ಸರಿಯೋದರೊಳಗೆ ಅವಳು ಮನೆ ಪೂರ್ತಿ ಒಂದು ಸುತ್ತು ಹಾಕಿರ್ತಾಳೆ.’ ಇದನ್ನು ನಾನು ಇಪ್ಪತ್ತೆಂಟು ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ.

ಈ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇದೆ. ತಿಂಗಳುಗಳೆಲ್ಲ ಯಾವತ್ತೋ ಹರಿದುಹೋಗಿವೆ, ಚಿತ್ರ ಮಾತ್ರ ಉಳಿದಿದೆ. ನಡು ಸಮುದ್ರದಲ್ಲಿ ಒಂದು ಬಿಳಿಯ ಮರಳಿನ ದಾರಿ, ಎರಡೂ ಕಡೆ ನೀಲಿ ನೀರು, ದಾರಿಯ ಕೊನೆಗೆ ಒಂಟಿ ಮರ ನಿಂತ ಪುಟ್ಟ ಕುದುರು, ಅಂಗೈಯಗಲದ ನಡುಗಡ್ಡೆ. ತರಕಾರಿ ಹೆಚ್ಚುವಾಗಲೆಲ್ಲ ಅವಳ ಕಣ್ಣು ಅಲ್ಲಿಗೇ. ಒಂದು ದಿನ ಮೆಲ್ಲಗೆ ಕೇಳಿದಳು.

“ರೀ, ಆ ದಾರೀಲಿ ಒಂದ್ಸಲ ನಡೀಬೇಕಲ್ಲಾ.”

ನಾನು ಎದೆಯುಬ್ಬಿಸಿದೆ. ಒಂದ್ಸಲ ಯಾಕೆ, ಏಳು ದಿನದ ಪ್ರವಾಸವನ್ನೇ ಮಾಡಿಸುತ್ತೇನೆ, ಒಂದು ನಿಮಿಷವೂ ಸೋರಿಹೋಗದ ಹಾಗೆ ಮಾಡಿಸುತ್ತೇನೆ ಎಂದು ಘೋಷಿಸಿದೆ. ಮೂರು ದಿನ ಕಡಲ ತೀರದ ದೊಡ್ಡ ಪಟ್ಟಣ, ನಾಲ್ಕು ದಿನ ಆ ದಾರಿ ಇರುವ ದ್ವೀಪ. ಸೋಮವಾರ ಹೊರಟು ಭಾನುವಾರ ರೈಲು ಹತ್ತಿದರೆ, ಮರುದಿನ ಸೋಮವಾರ ಎಂಟೂವರೆಗೆ ಮತ್ತೆ ನಮ್ಮ ಗೇಟು ಕಿರ್ ಎನ್ನಬೇಕು. ಅಲ್ಲಿಯವರೆಗೆ ಬೀದಿಯವರಿಗೆ ಒಂದು ವಾರದ ರಜೆ ಸಾರಿದೆ. ವೇಳಾಪಟ್ಟಿಯನ್ನು ಸಣ್ಣ ಅಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಜೇಬಿಗಿಟ್ಟೆ. ಅದರ ಮೂರನೆಯ ಸಾಲು ಹೀಗಿತ್ತು: ‘ಸಮುದ್ರ ನೋಡುವುದು, ಹತ್ತು ನಿಮಿಷ.’

ಪಟ್ಟಣದ ಬೀದಿಗಳೆಲ್ಲ ಇಳಿಜಾರು. ಕಲ್ಲು ಹಾಸಿನ ರಸ್ತೆ, ನೀಲಿ ಕಿಟಕಿಯ ಹಳೆಯ ಮನೆಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ. ಅಂಥ ಒಂದು ಬೀದಿಯ ತಿರುವಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, ಸಮುದ್ರ ಎದ್ದು ನಿಂತಿತು. ಹೌದು, ನಿಂತೇ ಇತ್ತು. ಎರಡು ಮನೆಗಳ ನಡುವೆ, ಆಕಾಶಕ್ಕೆ ಆನಿಸಿಟ್ಟ ಗೋಡೆಯ ಹಾಗೆ. ನನ್ನವಳು ಕೈಚೀಲ ಕೆಳಗಿಟ್ಟಳು. ನಾನೂ ಒಂದು ಗಳಿಗೆ ವಾಚು ನೋಡುವುದನ್ನು ಮರೆತೆ ಅನ್ನಿ. ಆದರೆ ಹತ್ತು ನಿಮಿಷ ಮುಗಿದಿತ್ತು. ಚೀಲ ಎತ್ತಿಕೊಂಡು ನಡೆ ಎಂದೆ.

ವಸ್ತುಸಂಗ್ರಹಾಲಯದಲ್ಲಿ ತಿಮಿಂಗಿಲದ ಅಸ್ಥಿಪಂಜರವನ್ನು ಚಾವಣಿಗೆ ತೂಗುಹಾಕಿದ್ದರು. ಆ ಪಕ್ಕೆಲುಬುಗಳ ಒಳಗೆ ನನ್ನ ಅಂಗಡಿಯನ್ನು ಕೌಂಟರ್ ಸಮೇತ ಇಡಬಹುದು, ಇಬ್ಬರು ಗಿರಾಕಿಗಳಿಗೆ ಬೆಂಚೂ ಹಾಕಬಹುದು. ಸಂಗೀತ ಶಾಲೆಯ ಒಳಚಾವಣಿಗೆ ಯಾರೋ ಪುಣ್ಯಾತ್ಮ ನಕ್ಷತ್ರಗಳನ್ನೆಲ್ಲ ಬರೆದಿದ್ದ. ತಲೆಯೆತ್ತಿ ನೋಡಿ ನೋಡಿ ಇಬ್ಬರ ಕುತ್ತಿಗೆಯೂ ಹಿಡಿದುಕೊಂಡಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಂದರಿನ ಗಡಿಯಾರದ ಗೋಪುರ. ಮೇಲೊಂದು ದೊಡ್ಡ ಗಡಿಯಾರ, ಅದರ ಹೊಟ್ಟೆಯ ಕೆಳಗೆ ಒಂದೇ ಮುಳ್ಳಿನ ಸಣ್ಣ ಗಡಿಯಾರ. ಮಂಗಳವಾರ ಹತ್ತು ಗಂಟೆಗೆ ನೋಡಿದೆ. ಬುಧವಾರ ಹತ್ತು ಗಂಟೆಗೆ ಮತ್ತೆ ಹೋಗಿ ನೋಡಿದೆ. ಮೇಲಿನದು ನನ್ನ ಕೈಗಡಿಯಾರಕ್ಕೆ ಸರಿಯಾಗಿ ಹೊಂದುತ್ತಿತ್ತು. ಕೆಳಗಿನದು ಒಂದೇ ದಿನಕ್ಕೆ ಐವತ್ತು ನಿಮಿಷ ಹಿಂದೆ!

ನನ್ನ ಕೈ ತುರಿಸತೊಡಗಿತು. ಗೋಪುರ ಕಾಯುವ ಮನುಷ್ಯನನ್ನು ಹಿಡಿದು ವಿಚಾರಿಸಿದೆ. ಅದು ಉಬ್ಬರ ಇಳಿತದ ಗಡಿಯಾರ ಸ್ವಾಮಿ, ಸಮುದ್ರದ್ದು, ಅದರ ನಡಿಗೆಯೇ ಹಾಗೆ ಎಂದ ಆತ. ನನಗೆ ನಗು ಬಂತು. ನಿಧಾನ ಓಡುವ ವಾಚು ತಂದವರೆಲ್ಲ ನನ್ನ ಕೌಂಟರಿಗೆ ಮೊಣಕೈಯೂರಿ ಹೇಳುವುದು ಇದೇ ಮಾತು, ‘ಅದರ ನಡಿಗೆಯೇ ಹಾಗೆ’! ಸಂದರ್ಶಕರ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದೆ: ‘ಕೆಳಗಿನ ಗಡಿಯಾರ ದಿನಕ್ಕೆ ಐವತ್ತು ನಿಮಿಷ ತಡ. ಕೂಡಲೇ ರಿಪೇರಿ ಆಗಬೇಕು. ಉಪಕರಣಗಳು ನನ್ನ ಬಳಿ ಇವೆ.’ ಆತ ಅದನ್ನು ಎರಡು ಸಲ ಓದಿದ. ನಾಳೆ ದ್ವೀಪಕ್ಕೆ ಹೊರಟಿದ್ದೇವೆ ಎಂದಾಗ, ಅಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು ಕೇಳಿದ. ಇನ್ನೂ ನಿಶ್ಚಯವಿಲ್ಲ ಎಂದಾಗ ತನ್ನ ಅಕ್ಕನ ಮನೆಯ ವಿಳಾಸ ಕೊಟ್ಟ. ಎಂಥ ವಿನಯ ಎಂದುಕೊಂಡೆ.

ಗುರುವಾರ ನಸುಕಿಗೆ ಬೋಟ್ ಹತ್ತಿದೆವು. ದ್ವೀಪ ಹತ್ತಿರವಾಗುತ್ತಿದ್ದ ಹಾಗೆ ನನ್ನವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ನೀರಿನ ನಡುವೆ ಏನೋ ಬೆಳ್ಳಗೆ ಮೂಡುತ್ತಿತ್ತು. ಮೊದಲು ದಾರದಷ್ಟು, ಆಮೇಲೆ ಸೆರಗಿನಷ್ಟು, ಕೊನೆಗೆ ಎತ್ತಿನಗಾಡಿ ಹೋಗುವಷ್ಟು ಅಗಲ. ಸಮುದ್ರ ತನ್ನ ಬೈತಲೆ ತೆಗೆದುಕೊಳ್ಳುತ್ತಿರುವ ಹಾಗಿತ್ತು. ನೋಡನೋಡುತ್ತಲೇ ನಾಲ್ಕಾರು ಜನ ಅದರ ಮೇಲೆ ನಡೆಯತೊಡಗಿದರು, ಎರಡೂ ಕಡೆ ನೀರು ಮಿರಮಿರ ಮಿನುಗುತ್ತಿದ್ದರೂ ಹಬ್ಬದ ಬೀದಿಯಲ್ಲಿ ಹೋಗುವವರ ಹಾಗೆ. ದಾರಿಯ ಕೊನೆಗೆ ಅದೇ ಒಂಟಿ ಮರ. ನಾನು ವಾಚು ನೋಡಿದೆ. ಎಂಟೂವರೆ! ನನ್ನದೇ ಹೊತ್ತು! ಸಮುದ್ರರಾಜ ನನಗೆ ಸಲಾಮು ಹೊಡೆಯುತ್ತಿದ್ದಾನೆ ಎಂದೇ ಭಾವಿಸಿ, ಪಟ್ಟಿಯ ಶುಕ್ರವಾರದ ಸಾಲನ್ನು ಅವಳಿಗೆ ತೋರಿಸಿದೆ: ‘ಬೆಳಿಗ್ಗೆ 8.30, ಮರಳಿನ ದಾರಿ.’

ಈಗಲೇ ಹೋಗೋಣವೇ ಎಂದು ಅವಳು ಕೇಳಿದಳು. ಈಗ ಸಾಮಾನು ಇಡುವ ಹೊತ್ತು, ಒಂಬತ್ತಕ್ಕೆ ದೀಪಸ್ತಂಭ ಎಂದೆ.

ಗೋಪುರದವನ ಅಕ್ಕನ ಮನೆ ದಡಕ್ಕೆ ಅಂಟಿಕೊಂಡೇ ಇತ್ತು. ಎರಡು ಕೋಣೆ, ಸುಣ್ಣದ ಗೋಡೆ, ಹೊಸ್ತಿಲಿಗೆ ನಾಲ್ಕು ಮೆಟ್ಟಿಲು. ಗೋಡೆಯಲ್ಲಿ ಒಂದು ಖಾಲಿ ಮೊಳೆ ಇತ್ತು, ಗಡಿಯಾರ ಇರಲಿಲ್ಲ. ಆಕೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಸಮುದ್ರ ರಿಪೇರಿ ಮಾಡೋರು ನೀವೇನಾ? ತಮ್ಮ ಫೋನ್ ಮಾಡಿದ್ದ. ಬನ್ನಿ ಮೆಕ್ಯಾನಿಕ್ಕಪ್ಪಾ, ಒಳಗೆ ಬನ್ನಿ.”

ಶುಕ್ರವಾರ ಎಂಟೂವರೆಗೆ ಸರಿಯಾಗಿ ದಡದಲ್ಲಿ ನಿಂತೆವು. ನನ್ನವಳು ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ದಾರಿ ಇರಲಿಲ್ಲ! ನೀರೋ ನೀರು. ಕುದುರಿನ ಒಂಟಿ ಮರ ಆಚೆ ದಡದಿಂದ ನಮ್ಮನ್ನು ಅಣಕಿಸುತ್ತಿತ್ತು. ಹತ್ತು ನಿಮಿಷ ಕಾದು, ಇವತ್ತು ಸಮುದ್ರಕ್ಕೆ ರಜೆ ಇರಬೇಕು ಎಂದು ತೀರ್ಮಾನಿಸಿ, ಅವಳನ್ನು ಚಿಪ್ಪುಗಳ ಪ್ರದರ್ಶನಕ್ಕೆ ಎಳೆದುಕೊಂಡು ಹೋದೆ. ಮೂರು ಸಾವಿರ ಚಿಪ್ಪುಗಳನ್ನು ಅವಳು ತಲೆ ತಗ್ಗಿಸಿಕೊಂಡು ನೋಡಿದಳು. ಮಧ್ಯಾಹ್ನ ಚಹಾದಂಗಡಿಯವನು, ದಾರಿ ಒಂಬತ್ತು ಇಪ್ಪತ್ತಕ್ಕೆ ತೆರೆದಿತ್ತಲ್ಲಾ, ನೀವು ಹೋಗಲಿಲ್ಲವೇ ಎಂದು ಕೇಳಿದಾಗ ನನಗೆ ಎಲ್ಲವೂ ಹೊಳೆಯಿತು. ಸಮಯ ಬದಲಾಯಿಸಿದ್ದಾರೆ! ನಮ್ಮೂರ ಬಸ್ಸಿನವರೂ ಹೀಗೇ ಮಾಡುತ್ತಾರೆ, ತಿಳಿಸುವುದಿಲ್ಲ. ಪಟ್ಟಿಯ ಶನಿವಾರದ ಸಾಲು ತಿದ್ದಿದೆ: ‘9.20.’

ಆ ಸಂಜೆ ನನ್ನವಳು ಮನೆಯೊಡತಿಯ ಜೊತೆ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸಿ ಮಡಿಸಿ ಏನೋ ಎಣಿಸುತ್ತಿದ್ದಳು. ಒಳಗೆ ಬಂದವಳು, “ರೀ, ಈ ನೀರಿನ ವಿಷಯ ಒಂದು ಮಾತು...” ಎಂದಳು. ಈಗ ಮಲಗುವ ಹೊತ್ತು, ಮಾತು ನಾಳೆ ಎಂದೆ. ನಾಳೆಯ ಪಟ್ಟಿಯಲ್ಲೂ ಮಾತಿಗೆ ಜಾಗವಿರಲಿಲ್ಲ ಎಂಬುದು ಬೇರೆ ವಿಷಯ.

ಶನಿವಾರ ಒಂಬತ್ತು ಇಪ್ಪತ್ತು. ಮತ್ತೆ ನೀರು! ಆದರೆ ಈ ಸಲ ನೀರಿನಡಿಯಲ್ಲಿ ಮರಳು ಬೆಳ್ಳಗೆ ಕಾಣುತ್ತಿತ್ತು. ನನ್ನವಳು ಸೆರಗು ಹಿಡಿದು ಮೆಟ್ಟಿಲಲ್ಲೇ ಕೂತಿದ್ದಳು, ಏಳಲೇ ಇಲ್ಲ.

“ಇನ್ನೂ ಹೊತ್ತಿದೆ ರೀ. ಕೂತ್ಕೊಳ್ಳಿ.”

“ಹೊತ್ತಿನ ವಿಷಯ ನನಗೆ ಹೇಳ್ತೀಯಾ?” ಎಂದೆ ನಾನು. ವಾಚು ಮೇಲೆತ್ತಿ ಹಿಡಿದೆ. ಇದು ನನ್ನ ಕೈಯಾರೆ ಜೋಡಿಸಿದ ವಾಚು, ಹನಿ ನೀರು ಒಳಗೆ ಹೋಗದು. ಅಂಗಡಿಯಲ್ಲಿ ಮೂರು ದಿನ ನೀರಿನ ಲೋಟದಲ್ಲಿ ಮುಳುಗಿಸಿಟ್ಟು ಗಿರಾಕಿಗಳನ್ನು ಬೆರಗುಗೊಳಿಸಿದ್ದೇನೆ. ಗಡಿಯಾರ ಒಂಬತ್ತು ಇಪ್ಪತ್ತು ಎಂದ ಮೇಲೆ ದಾರಿ ಇರಲೇಬೇಕು ಎಂದು ಪ್ಯಾಂಟು ಮಡಿಸಿ ನೀರಿಗಿಳಿದೆ. ಮೊಣಕಾಲು. ತೊಡೆ. ಚಹಾದಂಗಡಿಯವನು ಸೌಟು ಹಿಡಿದೇ ಹೊರಗೆ ಬಂದ. ಬಲೆ ಹೊಲಿಯುತ್ತಿದ್ದ ನಾಲ್ವರು ಸೂಜಿ ನಿಲ್ಲಿಸಿದರು. ನಾನು ಅವರತ್ತ ತಿರುಗಿ ಗಂಭೀರವಾಗಿ ಕೈಬೀಸಿದ್ದೇ ತಪ್ಪಾಯಿತು, ಒಂದು ಅಲೆ ಹಿಂದಿನಿಂದ ಬಂದು ಮೊಣಕಾಲಿನ ಸಂದಿಗೆ ತಟ್ಟಿತು. ಆಕಾಶ ಕೆಳಗಾಯಿತು, ನಾನು ಮೇಲಾದೆ, ಆಮೇಲೆ ಎರಡೂ ಅಲ್ಲದ ಕಡೆ ಹೋದೆ. ಬಲೆಯವರು ಎಳೆದು ತಂದು ಮೆಟ್ಟಿಲಿಗೆ ಒರಗಿಸಿದಾಗ ಒಂದು ಚಪ್ಪಲಿ ಇರಲಿಲ್ಲ. ವೇಳಾಪಟ್ಟಿ ಮಾತ್ರ, ಲ್ಯಾಮಿನೇಟ್ ಆಗಿತ್ತು ನೋಡಿ, ಒಂದಕ್ಷರವೂ ಕೆಡದೆ ಠೀವಿಯಿಂದ ತೇಲುತ್ತ ದಿಗಂತದ ಕಡೆ ಹೋಗುತ್ತಿತ್ತು.

ವಾಚು ಒಂಬತ್ತು ಇಪ್ಪತ್ತಾರಕ್ಕೆ ನಿಂತಿತ್ತು. ಲೋಟ ಬೇರೆ, ಸಮುದ್ರ ಬೇರೆ.

ನನಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುತ್ತ ಒಳಕೋಣೆಯಲ್ಲಿ ಕಂಬಳಿ ಹೊದ್ದು ಕೂತೆ. ನನ್ನವಳು ನನ್ನ ತಲೆ ಒರೆಸುತ್ತಿದ್ದಾಗಲೇ ಕಿಟಕಿಯಾಚೆ ದಾರಿ ತೆರೆದುಕೊಂಡಿತು. ಯಾವ ಗಂಟೆಯೂ ಹೊಡೆಯಲಿಲ್ಲ. ಅಷ್ಟು ದೊಡ್ಡ ಯಂತ್ರ ತಿರುಗುತ್ತಿದೆ, ಒಂದು ಟಿಕ್ ಇಲ್ಲ, ಕೀಲಿ ಕೊಡುವವರಿಲ್ಲ, ಎಣ್ಣೆ ಬಿಡುವವರಿಲ್ಲ! ನಲವತ್ತು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಚಕ್ರಗಳನ್ನು ನೋಡಿದವನು ನಾನು. ಎರಡೂ ಕಣ್ಣು ತೆರೆದು ನೋಡಿದ್ದು ಆವತ್ತೇ ಇರಬೇಕು. ಅವಳ ಕೈಯಲ್ಲಿ ಟವೆಲು, ಕಣ್ಣು ಕಿಟಕಿಯಾಚೆ. ನೀನು ಹೋಗಿ ಬಾ ಎಂದೆ. ನಿಮ್ಮನ್ನು ಹೀಗೆ ಬಿಟ್ಟು ಹೇಗೆ ಹೋಗೋದು ಎಂದು ಅವಳು ತಲೆ ಒರೆಸುವುದನ್ನು ಮುಂದುವರಿಸಿದಳು. ಆ ಟವೆಲಿನ ಒಂದೊಂದು ಉಜ್ಜೂ ನನಗೆ ಪೆಟ್ಟಿನ ಹಾಗೆ ಬಿತ್ತು.

ಆಮೇಲೆ ಕೇಳಿದೆ, ಮೊದಲ ಸಲ. ನಾಳೆ ದಾರಿ ಎಷ್ಟು ಹೊತ್ತಿಗೆ?

“ಹನ್ನೊಂದಕ್ಕೆ. ದಿನಾ ಐವತ್ತು ನಿಮಿಷ ಹಿಂದೆ ಬೀಳುತ್ತೆ. ಎಂಟೂವರೆ, ಒಂಬತ್ತು ಇಪ್ಪತ್ತು, ಹತ್ತೂ ಹತ್ತು, ಹನ್ನೊಂದು.” ಅವಳು ಬೆರಳು ಮಡಿಸಿ ತೋರಿಸಿದಳು. “ನಿನ್ನೆ ಸಂಜೆ ಅಕ್ಕ ಹೇಳಿಕೊಟ್ರು. ನಿಮಗೆ ಹೇಳೋಣ ಅಂದ್ರೆ ನಿಮ್ಮ ಚೀಟೀಲಿ ನನಗೆ ಹೊತ್ತೆಲ್ಲಿತ್ತು?”

ಐವತ್ತು ನಿಮಿಷ! ನಾನೇ ಅಳೆದದ್ದು, ನಾನೇ ಬರೆದದ್ದು, ದಪ್ಪಕ್ಷರದಲ್ಲಿ!

ಆದರೆ ಭಾನುವಾರ ಹನ್ನೊಂದಕ್ಕೇ ನಮ್ಮ ಬೋಟ್. ಅದು ತಪ್ಪಿದರೆ ಸಂಜೆಯ ಬೋಟ್, ಸಂಜೆಯ ಬೋಟೆಂದರೆ ರೈಲು ತಪ್ಪಿತು, ರೈಲು ತಪ್ಪಿದರೆ ಸೋಮವಾರದ ಎಂಟೂವರೆ ತಪ್ಪಿತು. ಮೂವತ್ತು ವರ್ಷದಲ್ಲಿ ಹೇಳದೆ ಕೇಳದೆ ಒಂದು ದಿನವೂ ತಪ್ಪದ ಎಂಟೂವರೆ! ಟೀಚರಮ್ಮನ ಬಸ್ಸು, ಅಜ್ಜನ ಮಾತ್ರೆ, ಎಲ್ಲ ಕಣ್ಣ ಮುಂದೆ ಬಂತು.

ಭಾನುವಾರ ಬೆಳಿಗ್ಗೆ ಅವಳು ಮತ್ತೆ ಅದೇ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂತಳು. ಬೋಟಿನ ಮಾತನ್ನೇ ಎತ್ತಲಿಲ್ಲ. ನಾನು ಮನೆಯೊಡತಿಯ ಹಳೆಯ ಚಪ್ಪಲಿ ಮೆಟ್ಟಿ, ಎರಡು ಚೀಲ ಹೊತ್ತು, ನಾಲ್ಕು ಮೆಟ್ಟಿಲು ಇಳಿದೆ. ಕೊಡೆ ಮರೆತೆನೆಂದು ವಾಪಸು ಬಂದೆ. ಮತ್ತೆ ಇಳಿದೆ. ಕನ್ನಡಕ ಮರೆತೆನೆಂದು ಮತ್ತೆ ಬಂದೆ. ಅದು ಮೂಗಿನ ಮೇಲೇ ಇತ್ತು. ಮೂರನೆಯ ಸಲ ಇಳಿದು ಹತ್ತು ಹೆಜ್ಜೆ ಹೋದೆ. ಬೋಟು ಕೂಗಿತು. ತಿರುಗಿ ನೋಡಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ನೀರನ್ನು ನೋಡುತ್ತಿದ್ದಳು, ಅಡುಗೆಮನೆಯಲ್ಲಿ ಗೋಡೆ ನೋಡುತ್ತಿದ್ದ ಹಾಗೆಯೇ.

ಹೋಗಲಿ ಬಿಡು ಎಂಟೂವರೆ, ಎಂದುಕೊಂಡು ಚೀಲಗಳೊಂದಿಗೆ ಒಳಗೆ ಬಂದೆ. ಹೊಸ್ತಿಲ ಮೇಲೆ ನಿಂತು, ಸಿಂಹಾಸನ ತ್ಯಾಗ ಮಾಡುವ ಮಹಾರಾಜನ ದನಿಯಲ್ಲಿ ಸಾರಿದೆ.

“ನಿನಗೋಸ್ಕರ ಹನ್ನೊಂದರ ಬೋಟು ಬಿಟ್ಟೆ ಕಣೇ.”

ಅವಳು ತಿರುಗಿ, ಸಾಸಿವೆಯಷ್ಟೂ ಆಶ್ಚರ್ಯವಿಲ್ಲದ ಮುಖದಲ್ಲಿ ಹೇಳಿದಳು.

“ಅದು ನಮ್ಮ ಬೋಟೇ ಅಲ್ಲವಲ್ಲ ರೀ. ಟಿಕೆಟ್ ನೋಡಿ.”

ಚೀಲದಿಂದ ತೆಗೆದು ನೋಡಿದೆ. ಸಂಜೆ ನಾಲ್ಕು! ಶನಿವಾರವನ್ನೂ ನಾನು ಕೆಡಿಸುತ್ತೇನೆಂದು ಲೆಕ್ಕ ಹಾಕಿ, ಶುಕ್ರವಾರ ಬೆರಳು ಮಡಿಸಿದ ಕೂಡಲೇ ಹೋಗಿ ಬದಲಾಯಿಸಿಕೊಂಡು ಬಂದಿದ್ದಳಂತೆ. ರೈಲಿನದೂ ಮರುದಿನಕ್ಕೆ ಆಗಿತ್ತು. ಇನ್ನು ಬೀದಿಯವರ ಗತಿ ಏನು ಎಂದು ಉಸುರಿದೆ.

“ಟೀಚರಮ್ಮಂಗೆ ಆವತ್ತೇ ಫೋನ್ ಮಾಡಿದ್ದೀನಿ. ಸೋಮವಾರ ಎಲ್ಲರೂ ಅವರವರ ಗಡಿಯಾರ ನೋಡಿಕೊಳ್ಳಿ ಅಂದೆ. ಅವರು ನಕ್ಕುಬಿಟ್ರು. ಎಲ್ಲರ ಮನೇಲೂ ಇದೆಯಂತೆ.”

ಅಷ್ಟರಲ್ಲಿ ಮೆಟ್ಟಿಲ ಕೆಳಗೆ ನೀರು ಸರಿದು, ಬೆಳ್ಳನೆಯ ಬೈತಲೆ ಮೂಡತೊಡಗಿತು. ಅವಳು ಸೆರಗು ಸಿಕ್ಕಿಸಿ ಎದ್ದಳು. ನನಗಾಗಿ ಕಾಯಲಿಲ್ಲ, ಇಳಿದು ನಡೆದೇಬಿಟ್ಟಳು. ನಾನು ಚೀಲ ಕೆಳಗಿಟ್ಟೆ. ಸತ್ತ ವಾಚನ್ನು ಬಿಚ್ಚಿ ಗೋಡೆಯ ಖಾಲಿ ಮೊಳೆಗೆ ತೂಗುಹಾಕಿದೆ. ಬಾಗಿಲ ಹತ್ತಿರ ಮನೆಯೊಡತಿ ನಿಂತಿದ್ದರು.

“ಮೆಕ್ಯಾನಿಕ್ಕಪ್ಪಾ, ಗಂಟೆ ಎಷ್ಟಾಯ್ತು?”

ಅಭ್ಯಾಸ ಬಲ, ಮಣಿಕಟ್ಟು ನೋಡಿಕೊಂಡೆ. ಅಲ್ಲಿ ಬಿಸಿಲು ಕಾಣದ ಒಂದು ಬಿಳಿಯ ಪಟ್ಟಿ, ಥೇಟ್ ಆ ಮರಳಿನ ದಾರಿಯ ಹಾಗೆ. ಆಗಲೇ ದಾರಿಯ ಮೇಲಿದ್ದ ನನ್ನವಳ ಬೆನ್ನು ತೋರಿಸಿ, “ಅವಳನ್ನ ಕೇಳಿ ಅಮ್ಮಾ” ಎಂದು, ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಹೊಸ್ತಿಲು ದಾಟಿದೆ.