ಎಲ್ರೂ ಒಂದೊಂದು ಹಿಡಿ ತಕಂಡ್ರೆ?

ಕೊಳ್ಳೇಗಾಲದಲ್ಲಿ ಕಡ್ಲೆಪುರಿ ಅಂಗಡಿ ಇಟ್ಟುಕೊಂಡೋರಿಗೆ ನಗೋಕೆ ಟೀವಿ ಬೇಕಿಲ್ಲ, ಗಿರಾಕಿಗಳೇ ಸಾಕು. ಜೊತೆಗೆ ನಮ್ಮ ಯಜಮಾನ್ರಂಥ ಗಂಡ ಇದ್ದರಂತೂ ದಿನಾ ಒಂದಲ್ಲ ಒಂದು ನಡೀತಾನೇ ಇರ್ತದೆ. ನಡೀತಾ ಇತ್ತು ಅನ್ನಬೇಕು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ, ನನ್ನ ಬಾಯಿಗೆ ಅಭ್ಯಾಸ ಆಗಿಲ್ಲ.

ನಮ್ಮ ಬೀದೀಲಿ ನನ್ನ ಮೇಲೊಂದು ಮಾತಿದೆ: ಗಂಡನ ಗುಂಡಿ ಮುಂದೆ ನಿಂತು ನಕ್ಕೋಳು ಅಂತ. ಸುಳ್ಳಲ್ಲ, ನಕ್ಕೆ. ಯಾಕೆ ನಕ್ಕೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ, ಅದೇ ನನಗೆ ಸಂಕಟ. ಕೇಳದಿದ್ದರೂ ಹೇಳ್ತೀನಿ. ಆದರೆ ಮೊದಲಿಂದ ಹೇಳಬೇಕು.

ರುಚಿ ನೋಡೋರು

ಪುರಿ ಅಂಗಡಿಗೆ ಬಂದೋರು ಮೊದಲು ಮೂಟೆಗೆ ಕೈ ಹಾಕ್ತಾರೆ. ಗರಿಗರಿ ಇದೆಯಾ ಅಂತ ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಆಮೇಲೆ ಸೇರಿಗೆಷ್ಟು ಅಂತ ಕೇಳ್ತಾರೆ. ಅದು ಇರೋದೇ. ಆದರೆ ಬಿಳಿ ಮೀಸೆಯ ಒಬ್ಬ ಮುದುಕಪ್ಪ ಇದ್ದ. ಪುರಿ ಒಂದು ಹಿಡಿ, ಹುರಿಗಡ್ಲೆ ಒಂದು ಹಿಡಿ, ಖಾರದ ಪುರಿ ಒಂದು ಹಿಡಿ ಅಗಿದು, "ಮೆತ್ತಗಾಗದೆ" ಅಂತ ಮುಖ ಸಿಂಡರಿಸಿಕೊಂಡು ಹೋಗೋನು. ಇನ್ನೂ ಮೆತ್ತಗೇ ಇದೆಯಾ ಅಂತ ನೋಡೋಕೆ ಮಾರನೇ ದಿನ ಮತ್ತೆ ಬರೋನು.

ನಮ್ಮ ಯಜಮಾನ್ರಿಗೆ ಬೈಯೋಕೆ ಬರ್ತಿರಲಿಲ್ಲ. ಯಾವುದು ಸರಿ ಯಾವುದು ತಪ್ಪು ಅಂತ ತೂಗೋಕೆ ಅವರ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, ಎಲ್ರೂ ಹಿಂಗೇ ಮಾಡಿದ್ರೆ ಅಂತ. ಕೊನೆಗೊಂದು ದಿನ ಮುದುಕಪ್ಪನಿಗೂ ಕೇಳಿದರು: "ಅಪ್ಪೋ, ಎಲ್ರೂ ಇಂಗೇ ಒಂದೊಂದು ಇಡಿ ತಕಂಡ್ರೆ ಮೂಟೇಲಿ ಏನುಳೀತದೆ?"

ಮುದುಕಪ್ಪ ಅಂಗಡಿಯ ಸುತ್ತ ಕಣ್ಣಾಡಿಸಿದ. "ಎಲ್ರೂ ಎಲ್ಲವ್ರೆ? ಇರೋನು ನಾನೊಬ್ನೇ. ಎಲ್ರೂ ಬಂದಿದ್ರೆ ನಿಂಗೆ ಯಾಪಾರನಾದ್ರೂ ಆಯ್ತಿತ್ತು."

"ಅದೂ ನಿಜವೇ," ಅಂದ ನಮ್ಮ ಮಹಾನುಭಾವರು ಇನ್ನೊಂದು ಹಿಡಿ ಕೊಟ್ಟು ಕಳಿಸಿದರು.

ಟವಲ್ಲಿನ ಪ್ರಯಾಣ

ಸಂತೆ ದಿನ ಪುರಿ ಮೂಟೆ ಹೊತ್ತುಕೊಂಡು ಹನೂರಿಗೆ ಬಸ್ಸಿಗೆ ಹೋಗ್ತಿದ್ವಿ. ಬಸ್ಸು ನಿಲ್ಲೋಕೆ ಮುಂಚೇನೇ ಜನ ಕಿಟಕಿಯಿಂದ ಟವಲ್ಲು, ಚೀಲ ಎಸೆದು ಸೀಟು ಹಿಡಿಯೋರು. ನೀವೂ ಎಸೀರಿ ಅಂದರೆ ಇವರು, "ಎಲ್ರೂ ಟವಲ್ ಎಸುದ್ರೆ?" ಅನ್ನೋರು.

"ಎಲ್ರೂ ಆಗ್ಲೇ ಎಸ್ದವ್ರೆ, ಕಣ್ ಬುಟ್ಟು ನೋಡಿ!" ಅಂತಿದ್ದೆ ನಾನು.

ಒಂದು ಸಲ ಟವಲ್ ಎಸೆದ ಪುಣ್ಯಾತ್ಮನಿಗೆ ಬಸ್ಸೇ ತಪ್ಪಿಹೋಯ್ತು. ಸೀಟು ಖಾಲಿ, ಮೇಲೆ ಕೆಂಪು ಟವಲ್ಲು. ನನ್ನ ಮಂಡಿ ನೋಯ್ತಿತ್ತು, ಕೂರೋಕೆ ಹೋದೆ. ಇವರು ತಡೆದರು. "ಎಲ್ರೂ ಇನ್ನೊಬ್ರ ಟವಲ್ ಎತ್ತಾಕಿ ಕುಂತ್ರೆ ನಂಬಿಕೆ ಅನ್ನೋದು ಎಲ್ಲುಳೀತದಮ್ಮಿ?" ಟವಲ್ಲು ಕೂತಿತ್ತು, ನಾವು ನಿಂತಿದ್ವಿ. ಅರ್ಧ ದಾರಿಗೆ ಕಂಡಕ್ಟರ್ ಬಂದು ನಮ್ಮಿಬ್ಬರ ಟಿಕೆಟ್ ಹರಿದ, ಆಮೇಲೆ ಸೀಟಿನ ಕಡೆ ನೋಡಿದ.

"ಯಜಮಾನ್ರೇ, ಟವಲ್ ಎಲ್ಲಿಳೀತದೆ?"

ಕೊನೇ ಪಂಕ್ತಿ

ಯಳಂದೂರಲ್ಲಿ ನೆಂಟರ ಮದುವೆ. ಊಟದ ಹಾಲ್ ಬಾಗಿಲು ತೆಗೀತಿದ್ದಂಗೆ ಜನ ನುಗ್ಗಿದರು. ಇವರು ನನ್ನ ಕೈ ಹಿಡಿದು ಪಕ್ಕಕ್ಕೆಳೆದರು. "ಎಲ್ರೂ ಮೊದಲ್ನೇ ಪಂಕ್ತೀಗೇ ನುಗ್ಗುದ್ರೆ?" ಸರಿ, ಕಾಯ್ದ್ವಿ. ಕೊನೇ ಪಂಕ್ತಿಗೆ ಕೂತಾಗ ಹೋಳಿಗೆ ಮುಗಿದಿತ್ತು, ಪಲ್ಯ ಮುಗಿದಿತ್ತು, ಎಲೆ ಮೇಲೆ ಅನ್ನ ಮತ್ತು ನೀರಾದ ಸಾರು. ನನಗೆ ಉರಿದುಹೋಯ್ತು.

"ಅಲ್ರೀ, ಎಲ್ರೂ ನಿಮ್ಮಂಗೇ ಕೊನೇ ಪಂಕ್ತಿಗೇ ಕೂರ್ತೀವಿ ಅಂದ್ರೆ?"

ತುತ್ತು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಯೋಚನೆ ಮಾಡಿದರು. "ಆಗ ಅದೇ ಮೊದಲ್ನೇ ಪಂಕ್ತಿ ಆಯ್ತದೆ ಕಣಮ್ಮಿ. ನಮ್ಗೆ ಆಗ್ಲೂ ಜಾಗ ಸಿಕ್ಕಕಿಲ್ಲ."

ಬೆಂಚು

ಒಂದಿನ ಬೆಳಗ್ಗೆ ಎದೆ ಹಿಂಡಿದಂಗೆ ಆಯ್ತದೆ ಅಂದರು. ಆಟೋದಲ್ಲಿ ಡಾಕ್ಟ್ರ ಶಾಪಿಗೆ ಕರ್ಕೊಂಡು ಹೋದೆ. ಬೆಂಚಿನ ತುಂಬ ಜನ. ಸೀದಾ ಒಳಗೆ ನಡೀರಿ ಅಂದೆ. ಬೆವರು ಒರೆಸಿಕೊಂಡು, "ಎಲ್ರೂ ನಂಗೇ ಮೊದ್ಲು ಅಂದ್ರೆ?" ಅಂತ ಬೆಂಚಿನ ತುದೀಲಿ ಕೂತರು. ಮಗು ಎತ್ತಿಕೊಂಡು ಬಂದೋಳಿಗೆ ಸರಿದು ಜಾಗ ಕೊಟ್ಟರು, ಕೋಲೂರಿ ಬಂದೋರಿಗೆ ಎದ್ದು ಜಾಗ ಕೊಟ್ಟರು, ಕೊಟ್ಟು ಕೊಟ್ಟು ಚಪ್ಪಲಿ ಬಿಡೋ ಜಾಗಕ್ಕೆ ಬಂದು ನಿಂತರು.

ನನಗೆ ಎಲ್ಲಿತ್ತೋ ಸಿಟ್ಟು, ಕೂಗಿಬಿಟ್ಟೆ. "ಎಲ್ರೂ ಆಳಾಗೋಗ್ಲಿ! ಎಲ್ರೂ ನಂಗೆ ಗಂಡ ಅಲ್ಲ. ನಂಗಿರೋದು ನೀವೊಬ್ರೇ!"

ಬೆಂಚಿಗೆ ಬೆಂಚೇ ನಕ್ಕಿತು. ಇವರೂ ಎದೆ ಹಿಡ್ಕೊಂಡೇ ನಕ್ಕರು. ಆಮೇಲೆ ಆ ಜನರೇ ತಳ್ಳಿಕೊಂಡು ಹೋಗಿ ಒಳಗೆ ಬಿಟ್ಟರು. ಅಲ್ಲಿಂದ ಮೈಸೂರಿಗೆ ಕಳಿಸಿದರು, ಮೈಸೂರಿಂದ ಅವರು ಜೀವ ಇಟ್ಕೊಂಡು ಬರಲಿಲ್ಲ. ಮೊದಲೇ ಒಳಗೆ ಬಂದಿದ್ದರೂ ಉಳೀತಿರಲಿಲ್ಲಮ್ಮ ಅಂದರು ಡಾಕ್ಟ್ರು. ನಂಬೋಕಾದ ದಿನ ನಂಬ್ತೀನಿ, ಆಗದ ದಿನ ಫೋಟೋ ಮುಂದೆ ನಿಂತು ಬೈತೀನಿ. ಫೋಟೋನೂ ಅವರಂಗೇ, ಎದುರಾಡೋದಿಲ್ಲ.

ಹಿಡಿ ಮಣ್ಣು

ನಮ್ಮೋರಲ್ಲಿ ಸುಡೋದಿಲ್ಲ, ಗುಂಡೀಲಿ ಕೂರಿಸಿ ಮಣ್ಣು ಮಾಡ್ತಾರೆ. ಅಯ್ಯನೋರು ಮಂತ್ರ ಹೇಳಿ ವಿಭೂತಿ ಇಟ್ಟಮೇಲೆ ಬಂದೋರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮೊದಲು ನೀನಾಕವ್ವ ಅಂತ ನನ್ನ ಕೈಗೆ ಮಣ್ಣು ಕೊಟ್ಟರು. ನನ್ನ ಹಿಂದೆ ಎಲ್ಲರೂ ಅವರವರ ಹಿಡಿ ಹಿಡಿದು ನಿಂತರು.

ನನಗೆ ಕೈ ಬರಲಿಲ್ಲ. ಬಿಚ್ಚು ಅಂದರೆ ಮುಷ್ಟಿ ಬಿಚ್ಚಲಿಲ್ಲ. ಗುಂಡಿಯೊಳಗೆ ಇವರು ಅಷ್ಟು ನೆಮ್ಮದಿಯಾಗಿ ಕೂತಿದ್ದಾರೆ, ಯಾರಿಗೋ ಜಾಗ ಬಿಟ್ಟು ಸರಿದು ಕೂತಂಗೆ.

ಮೈದುನ ಮೆಲ್ಲಗೆ ಅಂದ: "ಆಕು ಅತ್ಗೆ. ಎಲ್ರೂ ಇಂಗೇ ಇಡ್ಕಂಡು ನಿಂತ್ರೆ ಅಣ್ಣ ಇಂಗೇ ಕುಂತಿರ್ಬೇಕಾಯ್ತದೆ."

"ಕುಂತಿರ್ಲಿ ಬುಡಪ್ಪ!" ಅಂದೆ. ಆ ಪ್ರಶ್ನೆ ಜನ್ಮದಲ್ಲಿ ಮೊದಲ ಸಲ ನನ್ನ ಪರ ನಿಂತಿತ್ತು. ತಿರುಗಿ ಎಲ್ಲರಿಗೂ ಕೈ ಮುಗಿದೆ, ಮುಷ್ಟಿಯಲ್ಲಿ ಮಣ್ಣು ಇದ್ದಂಗೇ. "ಎಲ್ರೂ ಇಂಗೇ ಮಾಡಿ. ನಿಮ್ಮ ದಮ್ಮಯ್ಯ, ಒಬ್ರೂ ಆಕ್ಬ್ಯಾಡಿ. ಇರ್ಲಿ ಅವ್ರು."

ಆಗ ಗುಂಪಿನೊಳಗಿಂದ ಅದೇ ಬಿಳಿ ಮೀಸೆಯ ಮುದುಕಪ್ಪ ಮುಂದೆ ಬಂದ. ಅವನ ಮುಷ್ಟಿಯೂ ಬಿಗಿಯಾಗಿತ್ತು, ಕಣ್ಣೀರು ಮೀಸೆಗಿಳೀತಿತ್ತು.

"ನಾನೂ ಇಡ್ಕಂಡೇ ನಿಂತಿವ್ನಿ ಕಣವ್ವ. ಅವನತ್ರ ದಿನಾ ಒಂದೊಂದು ಇಡಿ ತಕಂಡೇ ಅಭ್ಯಾಸ. ಆಕೋಕೆ ಕೈ ಬತ್ತಿಲ್ಲ."

ಶಿವನೇ, ಎಲ್ಲಿತ್ತೋ ಆ ನಗು! ಹೊಟ್ಟೆಯೊಳಗಿಂದ ಬಂತು, ತಡೆಯೋಕಾಗಲಿಲ್ಲ. ಅಳ್ತಾ ಅಳ್ತಾ ನಕ್ಕೆ, ಬಗ್ಗಿ ಬಗ್ಗಿ ನಕ್ಕೆ. ನಕ್ಕು ಸುಸ್ತಾಗಿ ಕೈ ನೋಡ್ಕೊಂಡರೆ ಮುಷ್ಟಿ ಬಿಚ್ಚಿಕೊಂಡಿತ್ತು. ಮಣ್ಣು ಅವರ ಹೆಗಲ ಮೇಲೆ ಬಿದ್ದುಹೋಗಿತ್ತು.

ಜನ ನಗು ಒಂದನ್ನೇ ನೋಡಿದರು. ಆ ಮಣ್ಣು ನಾನಾಗಿ ಹಾಕಲಿಲ್ಲ ರೀ.