ನಾನು ಕೊಂದ ಸೀರೆ ವ್ಯಾಪಾರಿ

ತೆಲಂಗಾಣದ ಗಡಿಯೂರು ನಾರಾಯಣಪೇಟೆಯಲ್ಲಿ ಮೂವತ್ತು ವರ್ಷ ಜನರ ನಾಡಿ ಹಿಡಿದು ನಿವೃತ್ತನಾದ ಮೇಲೆ ನಾನು ಪೆನ್ನು ಹಿಡಿದೆ. ಪತ್ತೇದಾರಿ ಕಥೆ ಬರೆಯುವುದು ವೈದ್ಯನಿಗೆ ಎಷ್ಟರ ಕೆಲಸ? ವಿಷ ಗೊತ್ತು, ಹೆಣ ಗೊತ್ತು, ಮನುಷ್ಯರು ಸುಳ್ಳು ಹೇಳುವ ರೀತಿಯಂತೂ ಚೆನ್ನಾಗಿಯೇ ಗೊತ್ತು.

ಮೊದಲ ಕಥೆಗೆ ಒಂದು ಹೆಣ ಬೇಕಿತ್ತು. ಪಕ್ಕದ ಮನೆಯ ವೀರಣ್ಣ ಕಣ್ಣಿಗೆ ಬಿದ್ದ. ಸೀರೆ ವ್ಯಾಪಾರಿ, ನನ್ನ ಹಳೆಯ ಗೆಳೆಯ, ಸಕ್ಕರೆ ಕಾಯಿಲೆಯವನು. ಮನೆಯಲ್ಲಿ ಹೆಂಡತಿ ಗಂಗಮ್ಮ ಬಡಿಸಿದ ಒಣರೊಟ್ಟಿ ತಿಂದು, ಸೀರೆ ಗಂಟು ಹೊತ್ತು ಮಕ್ತಲಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜ್ಜಿ, ಜಿಲೇಬಿ ತಿನ್ನುತ್ತಿದ್ದ. ವಾಸನೆ ಹೋಗಲೆಂದು ಲವಂಗ ಅಗಿಯುತ್ತ ಮನೆಗೆ ಬರುತ್ತಿದ್ದ. ಒಮ್ಮೆ ನನ್ನ ಕೈಗೆ ಸಿಕ್ಕಿಬಿದ್ದು, "ಡಾಕ್ಟರ್ ಸಾಬ್, ಆಕಿಗೆ ಹೇಳಬ್ಯಾಡ್ರಿ" ಎಂದು ಆಣೆ ಮಾಡಿಸಿಕೊಂಡ.

ನಾನು ಆಣೆ ಮುರಿಯಲಿಲ್ಲ. ಹೇಳಲಿಲ್ಲ, ಬರೆದೆ. ಅದೂ ಪೂರ್ತಿ ವೇಷ ಮರೆಸಿ. ನಾರಾಯಣಪೇಟೆ ಸೀರೆಯನ್ನು ಗದ್ವಾಲ್ ಸೀರೆ ಮಾಡಿದೆ. ಮಕ್ತಲ್ ಬಸ್ ಸ್ಟ್ಯಾಂಡನ್ನು ಧರೂರಿಗೆ ಸಾಗಿಸಿದೆ. ವೀರಣ್ಣನನ್ನು ಶೂರಣ್ಣ ಮಾಡಿದೆ. ಯಾರೋ ಜಿಲೇಬಿಯಲ್ಲಿ ವಿಷ ಬೆರೆಸಿ ಅವನನ್ನು ಕೊಂದರು. ಹೆಣದ ಬಾಯಲ್ಲಿ ಲವಂಗ ಸಿಕ್ಕಿತು.

"ಇದನ್ನ ಗುರ್ತು ಹಿಡಿಯಾಕ ಬ್ರಹ್ಮಗೂ ಆಗಂಗಿಲ್ಲ" ಎಂದೆ ಹೆಂಡತಿ ಶಾಂತಾಳಿಗೆ.

"ಬ್ರಹ್ಮ ಹೋಗ್ಲಿ ಬಿಡ್ರಿ. ಗಂಗಮ್ಮಗ ಕನ್ನಡ ಓದಾಕ ಬರ್ತೈತಿ."

ಕಥೆ ರಾಯಚೂರಿನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಓಣಿಯಲ್ಲಿ ಕನ್ನಡ ಓದಬಲ್ಲವರಿಗೆಲ್ಲ ಹಂಚಿದೆ. ಹೆಮ್ಮೆಗೆ ಕಣ್ಣಿಲ್ಲ ನೋಡಿ, ಗಂಗಮ್ಮನಿಗೂ ಕೈಯಾರೆ ಕೊಟ್ಟೆ.

ಸಂಜೆಯೊಳಗೆ ಗಂಗಮ್ಮ ಬಂದರು. ಹಿಂದೆ ವೀರಣ್ಣ, ಶಿಕ್ಷೆ ಕೇಳಿಸಿಕೊಂಡ ಕೈದಿಯಂತೆ.

"ಡಾಕ್ಟ್ರೇ, ಇವ್ರ ಅಂಗಿ ಕಿಸೆದಾಗ ಯಾವಾಗ್ಲೂ ಲವಂಗ ಸಿಗ್ತಾವ. ಹಲ್ಲು ನೋವಿಗೆ ನೀವಾ ಹೇಳೀರಂತ. ಹೇಳೀರೇನು?"

ನಾನು ವೀರಣ್ಣನ ಮುಖ ನೋಡಿದೆ. ವೀರಣ್ಣ ನಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಅದು ಬರೇ ಕಥಿ ರೀ" ಎಂದೆ.

"ಕಥ್ಯಾಗ ಹೆಣದ ಎಡಗಣ್ಣಿನ ಕೆಳಗ ಮಚ್ಚಿ ಐತಿ. ಅದೂ ಕಥಿನಾ?"

ಹೆಸರು, ಊರು, ಸೀರೆ ಎಲ್ಲ ಬದಲಿಸಿದ ಮಹಾನುಭಾವ ಮಚ್ಚೆಯನ್ನು ಮರೆತಿದ್ದೆ. ವೀರಣ್ಣ ತಟ್ಟನೆ ಅದನ್ನು ಅಂಗೈಯಿಂದ ಮುಚ್ಚಿಕೊಂಡ. ಅಲ್ಲಿಗೆ ಕೇಸು ಮುಗಿಯಿತು.

ಹೋಗುವಾಗ ಅವನು ಮೆಲ್ಲಗೆ ಹೇಳಿದ: "ಸಾಯಿಸಿದ್ದಕ್ಕ ಸಿಟ್ಟಿಲ್ಲ ಸಾಬ್. ಜಿಲೇಬಿ ಯಾಕ ಬರದ್ರಿ?"

ಅಂದಿನಿಂದ ಮಾತು ನಿಂತಿತು. ಸಂಜೆ ಕಟ್ಟೆಯ ಮೇಲೆ ನಾನೊಬ್ಬನೇ ಕೂರುತ್ತಿದ್ದೆ. ಒಂದು ಕಥೆಗಾಗಿ ಇಂಥ ಗೆಳೆಯನನ್ನು ಕಳೆದುಕೊಂಡೆನಲ್ಲ ಎಂದು ನಿಜವಾಗಿಯೂ ನೊಂದೆ. ಅತ್ತ ವೀರಣ್ಣ ಮಕ್ತಲಿಗೆ ಹೊರಟರೆ ಗಂಗಮ್ಮನೂ ಬಸ್ಸು ಹತ್ತುತ್ತಿದ್ದರು, ಸೀರೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನನ್ನು ಕಿಟಕಿಯ ಕಡೆ ಕೂರಿಸಿ.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ವೀರಣ್ಣ ರಕ್ತ ಪರೀಕ್ಷೆಯ ಚೀಟಿ ಹಿಡಿದು ಬಂದ. ಸಕ್ಕರೆ ಹತೋಟಿಗೆ ಬಂದಿತ್ತು. ನನ್ನ ಮಾತ್ರೆಗಳಿಂದ ಎಂದೂ ಆಗದ್ದು ಒಂದೇ ಕೊಲೆಯಿಂದ ಆಗಿತ್ತು.

"ಈಗ ನನ್ನ ಜೀವನಚರಿತ್ರಿ ಬರೀರಿ" ಎಂದು ಕುರ್ಚಿ ಎಳೆದು ಕೂತ. "ಅದರಾಗ ನಾ ಬದುಕಿರಬೇಕು, ನೋಡ್ರಿ."

ಸುದ್ದಿ ಹಬ್ಬಿತು. ಈಗ ಊರಿನ ಗಂಡಸರು ಜೀವನಚರಿತ್ರೆ ಬರೆಸಲು ಮುಂಬಾಗಿಲಿನಿಂದ ಬರುತ್ತಾರೆ. ಅವರ ಹೆಂಡಂದಿರು ಪತ್ತೇದಾರಿ ಕಥೆ ಬರೆಸಲು ಹಿತ್ತಲ ಬಾಗಿಲಿನಿಂದ ಬರುತ್ತಾರೆ. ನಾನು ಎದೆಯುಬ್ಬಿಸಿ ಬಜಾರಿನಲ್ಲಿ ಓಡಾಡತೊಡಗಿದೆ.

ಮೊನ್ನೆ ಶಾಂತಾ ಕೊನೆಗೂ ಕಥೆ ಓದಿ ಮುಗಿಸಿದಳು.

"ಏನ್ರೀ, ಕೊಲಿ ಮಾಡಿದಾವ ಯಾರು?"

"ಕೊನೀ ಪುಟದಾಗ ಐತಲ್ಲ."

ಕೊನೆಯ ಪುಟದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತಿತ್ತು. ಜಾಗ ಸಾಲದೆ ಸಂಪಾದಕರು ಕೊಲೆಗಾರನನ್ನೇ ಕೈಬಿಟ್ಟಿದ್ದರು. ಓಣಿಗೆ ಓಣಿಯೇ ಓದಿ ಮೆಚ್ಚಿದ ಪತ್ತೇದಾರಿ ಕಥೆ ಅದು. ಕೊಲೆಗಾರ ಯಾರೆಂದು ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ.