ರಿಗ್ಗೈಯ ಲಾಟರಿ ಮತದಾನ

ನಮ್ಮೂರಿನ ಶಾಲೆಯನ್ನು ಸರ್ಕಾರಿ ಲಾಟರಿಯ ಹಣದಿಂದ ಕಟ್ಟಿದರೆಂದು ಬಾಲ್ಯದಲ್ಲಿ ಕೇಳಿದ್ದೆ. ಅನುಮಾನ ಆಗಲೇ ಇತ್ತು. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದುದು ಒಬ್ಬ ಹಂಚಿನ ವ್ಯಾಪಾರಿಯ ಹೆಸರು. ಆದರೂ ಆ ಕಥೆ ಕುವೈತಿನವರೆಗೂ ಬಂದಿತು. ಇಲ್ಲಿಯ ನಮ್ಮ ಕನ್ನಡ ಸಂಘದವರು ಸೇರಿದಲ್ಲಿ ಇಂಥದ್ದೊಂದು ಗೊಂದಲ ಹುಟ್ಟದೆ ಇರುವುದಿಲ್ಲ.

ಸಹಿ

ಕುವೈತಿನ ರಿಗ್ಗೈ ಬಡಾವಣೆಯಲ್ಲಿ ಪ್ರತಿ ಶುಕ್ರವಾರ ಸಂಘದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವರು ಹೋಟೆಲೊಂದರ ಕ್ಯಾಷಿಯರ್. ಎಲ್ಲರಿಗೂ ಅವರು ಮಾಮ. ಕೋಣೆಯ ಬಾಡಿಗೆ ಏರಿ ತರಗತಿ ಮುಚ್ಚುವ ಸ್ಥಿತಿ ಬಂದಿತು. "ಊರಲ್ಲಿ ಸರ್ಕಾರವೇ ಲಾಟರಿ ಮಾಡಿ ಶಾಲೆ ಕಟ್ಟಲಿಲ್ವಾ? ನಾವೂ ಮಾಡುವ" ಎಂದು ಮಾಮ ಸಹಿ ಸಂಗ್ರಹಕ್ಕೆ ಹೊರಟರು. ಸಾಕಷ್ಟು ಸದಸ್ಯರು ಸಹಿ ಹಾಕಿದರೆ ಯಾವ ಪ್ರಸ್ತಾವವನ್ನಾದರೂ ಮತಕ್ಕೆ ಹಾಕಬೇಕೆಂಬುದು ಸಂಘದ ನಿಯಮ.

ಸಲ್ವಾದ ಮನೆಯೊಂದರಲ್ಲಿ ಅಡುಗೆ ಮಾಡುವ ಅಕ್ಕ ಪೆನ್ನು ಹಿಡಿದು ಕೇಳಿದರು: "ಇದು ಕರ್ನಾಟಕದ್ದಾ ಮಾಮ, ಕುವೈತಿದ್ದಾ?"

"ಸಂಘದ್ದು ಮಾರಾಯ್ತಿ."

"ಫಸ್ಟ್ ಪ್ರೈಜಿಗೆ ನನ್ನ ವೀಸಾದ ಇಕಾಮಾ ರಿನ್ಯೂ ಮಾಡಿ ಕೊಡ್ತೀರಾದ್ರೆ ಎರಡು ಸಹಿ ಹಾಕ್ತೇನೆ."

ಚರ್ಚೆ

ಬಹಿರಂಗವಾಗಿ ವಿರೋಧಿಸಿದವರು ಅಬ್ಬಾಸಿಯಾದಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಕಾಕ ಒಬ್ಬರೇ. "ಜೂಜು ನನಗೆ ಹರಾಮು, ಈ ದೇಶದಲ್ಲಿ ಅಪರಾಧ. ಪೊಲೀಸ್ ಬಂದ್ರೆ ಅವರಿಗೂ ಅ ಆ ಇ ಈ ಕಲಿಸ್ತೀರಾ ಮಾಮ?"

"ಹಾಗಾದ್ರೆ ತರಗತಿ ಖಲಾಸ್!" ಎಂದರು ಮಾಮ.

ಹಿಂದಿನ ಸಾಲಿನಿಂದ ಅವರದೇ ವಿದ್ಯಾರ್ಥಿನಿ ಎದ್ದಳು: "ಅಂಕಲ್, ನೋ ಲಾಟರಿ ಮೀನ್ಸ್ ನೋ ಕನ್ನಡ ಕ್ಲಾಸ್?"

"ಹೌದು ಮಗಾ."

"ದೆನ್ ಐ ಆಮ್ ವಿತ್ ಕಾಕ."

ಮತಪೆಟ್ಟಿಗೆ

ಎಣಿಕೆಯ ಹೊಣೆ ನನ್ನದಾಗಿತ್ತು. ಖಾಲಿ ಚೀಟಿ ಹಂಚಿ, ಲಾಟರಿಯ ಪರವಿದ್ದರೆ 'ಬೇಕು', ವಿರುದ್ಧವಿದ್ದರೆ 'ಬೇಡ' ಎಂದಷ್ಟೇ ಬರೆಯಬೇಕೆಂದು ಕನ್ನಡದಲ್ಲೂ ತುಳುವಿನಲ್ಲೂ ವಿವರಿಸಿದೆ. ಆದರೆ ಇಲ್ಲಿ ನಮ್ಮವರ ಯಾವ ಸಮಾರಂಭವೂ ಲಕ್ಕಿ ಡ್ರಾ ಇಲ್ಲದೆ ಮುಗಿಯುವುದಿಲ್ಲ. ಖಾಲಿ ಚೀಟಿ ಕಂಡೊಡನೆ ಕೈ ತಾನಾಗಿ ಬರೆದುಬಿಡುತ್ತದೆ. ಪೆಟ್ಟಿಗೆ ತೆರೆದೆ. ಹೆಸರು, ಮೊಬೈಲ್ ನಂಬರ್. ಮತ್ತೊಂದು: ಹೆಸರು, ಮೊಬೈಲ್ ನಂಬರ್.

"ಯಲ್ಲಾ ಮೇಡಂ, ಬೇಗ ಒಂದು ಎತ್ತಿ!" ಎಂದಿತು ಸಭೆ. "ಪ್ರೈಜ್ ಮಿಕ್ಸಿಯಾ?"

ನಿಯಮದಂತೆ ಫಲಿತಾಂಶ ಓದಿದೆ: ವಿರುದ್ಧ ಒಂದು, ಪರ ಸೊನ್ನೆ, ಉಳಿದದ್ದೆಲ್ಲ ಅಸಿಂಧು.

"ಆ ಒಂದು ನಂದು" ಎಂದು ಕಾಕ ಎದ್ದರು. ಕುಸಿದು ಕುಳಿತ ಮಾಮನ ಬಳಿ ಹೋಗಿ, "ಗೆದ್ದವನೇ ಪ್ರೈಜ್ ಕೊಡ್ತಾನೆ, ತಗೊಳ್ಳಿ. ಅಂಗಡಿ ಹಿಂದಿನ ಕೋಣೆ ಶುಕ್ರವಾರ ಖಾಲಿ. ಮಕ್ಕಳನ್ನು ಕರ್ಕೊಂಡು ಬನ್ನಿ" ಎಂದರು.

ತರಗತಿ ಉಳಿಯಿತು, ಮಾಮನ ಸಿಟ್ಟೂ ಉಳಿಯಿತು. "ಉಳಿದವರು ಏನು ಬೇಕಾದರೂ ಗೀಚಿರಲಿ, ನಾನು 'ಬೇಕು' ಅಂತಲೇ ಬರೆದದ್ದು. ನಿಮ್ಮ ಎಣಿಕೆಯೇ ತಪ್ಪು" ಎಂದು ಎಲ್ಲರೆದುರು ನನಗೇ ಹೇಳಿದರು. ಮನೆಗೆ ಬಂದು ಚೀಟಿಗಳನ್ನು ಒಂದೊಂದಾಗಿ ಮತ್ತೆ ಪರಿಶೀಲಿಸಿದೆ. ಕನ್ನಡ ಮೇಷ್ಟರ ದುಂಡಕ್ಷರ ಸುಲಭವಾಗಿ ಸಿಕ್ಕಿತು: ಅವರ ಹೆಸರು, ಮೊಬೈಲ್ ನಂಬರ್, ಅದರ ಕೆಳಗೆ, ಯಾವುದಕ್ಕೂ ಇರಲಿ ಎಂದು, ಹೆಂಡತಿಯದೂ.